ಶಾರ್ಕ್ ಚರ್ಮ ನಿಜಕ್ಕೂ ಏನು ಮಾಡುತ್ತೆ? ಅಳೆದವರು ಯಾರು?



ಇವತ್ತಿನ ಮಾತು ಒಂದು ತಿದ್ದುಪಡಿಯಿಂದ ಶುರುವಾಗಬೇಕು. ಪ್ರಕೃತಿಯನ್ನು ನೋಡಿ ಎಂಜಿನಿಯರುಗಳು ಏನೇನು ಕಲಿತರು ಅಂತ ಹಿಂದೊಮ್ಮೆ ಮಾತಾಡಿದಾಗ ನಾನು ಹೀಗೆ ಹೇಳಿದ್ದೆ: "ಶಾರ್ಕ್ ಚರ್ಮದ ಮೇಲೆ ಸೂಕ್ಷ್ಮವಾದ ಏಣುಗಳಿವೆ, ಅದಕ್ಕೇ ಅದು ಅಷ್ಟು ವೇಗವಾಗಿ ಈಜುತ್ತೆ. ಅದನ್ನೇ ನಕಲು ಮಾಡಿ ಒಲಿಂಪಿಕ್ ಈಜುಗಾರರಿಗೆ ಉಡುಪು ಮಾಡಿದರು, ದಾಖಲೆಗಳು ಪುಡಿಪುಡಿಯಾದವು." ಕೇಳೋಕೆ ಚೆನ್ನಾಗಿತ್ತು. ಬಹಳ ಜನ ಮೆಚ್ಚಿಕೊಂಡರು ಕೂಡ. ಚೆನ್ನೈಯಲ್ಲಿರುವ ಒಬ್ಬ ವೀಕ್ಷಕರು ಮಾತ್ರ ಎರಡೇ ಪದದಲ್ಲಿ ಕೇಳಿದರು: "ಅಳೆದವರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಯಾರಾದರೂ "ಈ ಕೋಡ್ ಹಳೆಯದಕ್ಕಿಂತ ಫಾಸ್ಟ್" ಅಂದರೆ "ಬೆಂಚ್‌ಮಾರ್ಕ್ ತೋರಿಸಿ" ಅನ್ನೋದು ನನ್ನ ದಿನನಿತ್ಯದ ಕೆಲಸ. ಇಲ್ಲಿ ಮಾತ್ರ ಎಲ್ಲೋ ಓದಿದ್ದನ್ನು ಹಾಗೇ ಒಪ್ಪಿಸಿಬಿಟ್ಟಿದ್ದೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು: ನಾನು ಹೇಳಿದ್ದರಲ್ಲಿ ಶಾರ್ಕಿನ ಬಗೆಗಿನ ಮಾತು ಅರ್ಧ ನಿಜ, ಈಜುಡುಗೆಯ ಬಗೆಗಿನ ಮಾತು ಬಹುಪಾಲು ತಪ್ಪು. ಅದನ್ನು ಅಳೆದವರು ಇದ್ದಾರೆ. ಅವರು ಅಳೆದ ರೀತಿಯೇ ನನ್ನ ಹಳೆಯ ಕಥೆಗಿಂತ ಚೆನ್ನಾಗಿದೆ.

ಮೈತುಂಬ ಹಲ್ಲು

ಮೊದಲು ಶಾರ್ಕ್ ಚರ್ಮದ ಮೇಲೆ ಏನಿದೆ ನೋಡೋಣ. ಮೀನು ಮಾರ್ಕೆಟ್‌ಗೆ ಹೋಗುವವರಿಗೆ ಸಣ್ಣ ಶಾರ್ಕ್ ಪರಿಚಯ ಇದ್ದೇ ಇರುತ್ತೆ. ಮುಂಬೈ ಕಡೆ ಮೋರಿ ಅಥವಾ ಮುಶಿ, ಚೆನ್ನೈಯಲ್ಲಿ ಸುರಾ, ಮಂಗಳೂರಿನವರ ಬಾಯಲ್ಲಿ ತಾಟೆ. ಅದರ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಬೆರಳಾಡಿಸಿದರೆ ಸಾಕಷ್ಟು ನುಣುಪು. ಬಾಲದಿಂದ ತಲೆಯ ಕಡೆಗೆ ಆಡಿಸಿದರೆ ಥೇಟ್ ಸ್ಯಾಂಡ್‌ಪೇಪರ್. ಜಪಾನಿನಲ್ಲಿ ವಸಾಬಿ ಗೆಡ್ಡೆಯನ್ನು ತುರಿಯೋಕೆ ಮರದ ಹಲಗೆಗೆ ಶಾರ್ಕ್ ಚರ್ಮ ಅಂಟಿಸಿದ ಮಣೆಯನ್ನು ಇವತ್ತಿಗೂ ಬಳಸುತ್ತಾರೆ. ಅಷ್ಟು ಗಟ್ಟಿ, ಅಷ್ಟು ಒರಟು.

ಈ ಒರಟುತನಕ್ಕೆ ಕಾರಣ ಲಕ್ಷಾಂತರ ಪುಟ್ಟ ಹಲ್ಲುಗಳು. ಹೋಲಿಕೆಗಾಗಿ ಹಲ್ಲು ಅಂತಿಲ್ಲ, ರಚನೆಯಲ್ಲೂ ಅವು ಹಲ್ಲೇ. ಒಳಗೆ ತಿರುಳು, ಅದರ ಸುತ್ತ ಡೆಂಟಿನ್, ಮೇಲೆ ಎನಾಮೆಲ್‌ನಂಥ ಗಟ್ಟಿ ಹೊದಿಕೆ. ಬುಡ ಚರ್ಮದೊಳಗೆ ಹೂತಿರುತ್ತೆ, ಸಣ್ಣ ಕತ್ತು, ಅದರ ಮೇಲೆ ಬಾಲದ ಕಡೆಗೆ ಬಾಗಿದ ಚಪ್ಪಟೆ ತಲೆ. ಶಾರ್ಕ್ ಬೆಳೆದ ಹಾಗೆ ಈ ಹಲ್ಲುಗಳು ದೊಡ್ಡದಾಗಲ್ಲ. ಚರ್ಮ ಹಿಗ್ಗಿದಂತೆ ನಡುವೆ ಹೊಸವು ಮೂಡುತ್ತವೆ, ಹಳೆಯವು ಉದುರುತ್ತವೆ.

ವೇಗಕ್ಕೆ ಹೆಸರಾದ ಮ್ಯಾಕೊ ಶಾರ್ಕಿನಲ್ಲಿ ಒಂದು ಹಲ್ಲಿನ ಉದ್ದ ಸುಮಾರು 0.2 ಮಿಲಿಮೀಟರ್. ಅಷ್ಟು ಚಿಕ್ಕ ಹಲ್ಲಿನ ತಲೆಯ ಮೇಲೆ ಮತ್ತೆ ಉದ್ದುದ್ದ ಏಣುಗಳು, ನಡುವೆ ತೋಡುಗಳು. ಎರಡು ಏಣುಗಳ ಅಂತರ ಹೆಚ್ಚು ಕಡಿಮೆ ನಮ್ಮ ಒಂದು ತಲೆಗೂದಲಿನ ದಪ್ಪ.

ಇನ್ನೊಂದು ವಿಷಯ ಗಮನಿಸಿ, ಮುಂದೆ ಬೇಕಾಗುತ್ತೆ. ಒಂದೇ ಶಾರ್ಕಿನ ಮೈಯಲ್ಲಿ ಎಲ್ಲ ಕಡೆ ಒಂದೇ ತರಹದ ಹಲ್ಲುಗಳಿಲ್ಲ. ಮೂತಿಯ ತುದಿಯಲ್ಲಿ ಏಣೇ ಇಲ್ಲದ ದುಂಡನೆಯ ಹಲ್ಲುಗಳು, ಪಕ್ಕೆಯಲ್ಲಿ ಏಣಿರುವ ತೆಳ್ಳನೆಯವು. ಕಡಲಿನ ತಳದಲ್ಲಿ ಕಲ್ಲು-ಮರಳಿಗೆ ಮೈ ಉಜ್ಜಿಕೊಂಡು ಬದುಕುವ ಜಾತಿಗಳಲ್ಲಿ ದಪ್ಪ, ಮೊಂಡು ಹಲ್ಲುಗಳು. ಆಳಗಡಲಲ್ಲಿ ಮೈಯಿಂದ ಬೆಳಕು ಸೂಸುವ ಲಾಂದ್ರ ಶಾರ್ಕ್‌ಗಳಲ್ಲಿ ಬೆಳಕಿನ ಅಂಗಗಳಿಗೆ ಜಾಗ ಬಿಟ್ಟು ಜೋಡಿಸಿದ ಹಲ್ಲುಗಳು. ಅಂದರೆ "ಶಾರ್ಕ್ ಚರ್ಮ ವೇಗಕ್ಕಾಗಿ ಇದೆ" ಅನ್ನೋ ನನ್ನ ಒಂದು ಸಾಲಿನ ಕಥೆ ಇಲ್ಲೇ ಸ್ವಲ್ಪ ಅಲುಗಾಡುತ್ತೆ. ಅದು ಕವಚವೂ ಹೌದು, ಇನ್ನೂ ಹಲವು ಕೆಲಸಗಳಿಗೂ ಹೌದು.

ಒರಟಾದ ಮೈ ನೀರಿನಲ್ಲಿ ಹೇಗೆ ಜಾರುತ್ತೆ?

ನಮ್ಮ ಸಾಮಾನ್ಯ ತಿಳಿವಳಿಕೆ ಏನು? ನುಣುಪಾದಷ್ಟೂ ಘರ್ಷಣೆ ಕಡಿಮೆ. ಹಾಗಿದ್ದ ಮೇಲೆ ಏಣು-ತೋಡು ಇರುವ ಮೈ ಹೆಚ್ಚು ಸಲೀಸಾಗಿ ಹೋಗೋದು ಹೇಗೆ?

ಈಜುವ ವಸ್ತುವಿನ ಮೈಗೆ ತಾಗಿದ ನೀರು ಆ ಮೈಗೇ ಅಂಟಿಕೊಂಡಿರುತ್ತೆ. ಸ್ವಲ್ಪ ದೂರದಲ್ಲಿ ನೀರು ಪೂರ್ತಿ ವೇಗದಲ್ಲಿ ಹಿಂದಕ್ಕೆ ಹರಿಯುತ್ತೆ. ಈ ಎರಡರ ನಡುವಿನ ತೆಳು ಪದರದಲ್ಲೇ ಎಲ್ಲ ಎಳೆದಾಟ. ವೇಗ ಹೆಚ್ಚಾದಾಗ ಈ ಪದರ ಪ್ರಕ್ಷುಬ್ಧವಾಗಿ, ಹರಿವಿನ ದಿಕ್ಕಿನಲ್ಲೇ ಹಗ್ಗದ ಹುರಿಯಂತೆ ತಿರುಚಿಕೊಂಡ ಉದ್ದನೆಯ ಸುಳಿಗಳು ಹುಟ್ಟುತ್ತವೆ. ಈ ಸುಳಿಗಳು ಮೇಲಿನ ವೇಗದ ನೀರನ್ನು ಕೆಳಕ್ಕೆ ತಂದು ಮೈಗೆ ಅಪ್ಪಳಿಸುತ್ತವೆ, ಅಕ್ಕಪಕ್ಕಕ್ಕೆ ಓಡಾಡುತ್ತವೆ. ಪ್ರತಿ ಸಲವೂ ಮೈ ಹಿಂದಕ್ಕೆ ಎಳೆಸಿಕೊಳ್ಳುತ್ತೆ.

ಹರಿವಿನ ದಿಕ್ಕಿನಲ್ಲೇ ಸಣ್ಣ ಏಣುಗಳನ್ನು ನಿಲ್ಲಿಸಿದರೆ ಸುಳಿಗಳು ತೋಡಿನೊಳಗೆ ಇಳಿಯಲಾರವು, ಪಕ್ಕಕ್ಕೆ ಓಡಾಡೋಕೂ ಆಗಲ್ಲ. ಏಣುಗಳ ತುದಿಯ ಮೇಲೇ ತೇಲಿಕೊಂಡು ಹೋಗುತ್ತವೆ. ತೋಡಿನ ತಳದಲ್ಲಿ ನೀರು ನಿಧಾನ, ಶಾಂತ. ಮೇಲ್ಮೈ ಒಟ್ಟು ವಿಸ್ತೀರ್ಣ ಹೆಚ್ಚಾದರೂ ವೇಗದ ನೀರು ಮುಟ್ಟುವ ಜಾಗ ಕಡಿಮೆ.

ಒಂದು ಷರತ್ತಿದೆ. ಏಣುಗಳ ಅಂತರ ಸುಳಿಯ ಗಾತ್ರಕ್ಕಿಂತ ಚಿಕ್ಕದಿರಬೇಕು. ಅಂತರ ಜಾಸ್ತಿಯಾದರೆ ಸುಳಿ ತೋಡಿನೊಳಗೇ ಬಂದು ಕೂರುತ್ತೆ. ಆಗ ವಿಸ್ತೀರ್ಣ ಹೆಚ್ಚಾಗಿರೋದು ನಮಗೇ ನಷ್ಟ, ಎಳೆತ ಕಡಿಮೆಯಾಗುವ ಬದಲು ಹೆಚ್ಚಾಗುತ್ತೆ. ಸುಳಿಯ ಗಾತ್ರವೋ ವೇಗದ ಮೇಲೆ ನಿಂತಿದೆ. ಹಾಗಾಗಿ ಎಲ್ಲ ವೇಗಕ್ಕೂ ಹೊಂದುವ ಒಂದೇ ಏಣು ಅಂತ ಇಲ್ಲ.

ಇದನ್ನು ಅಳೆದವರಿದ್ದಾರೆ. ಅಮೆರಿಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದ ಮೈಕೆಲ್ ವಾಲ್ಷ್ ಮತ್ತು ಸಂಗಡಿಗರು ತೋಡು ಕೊರೆದ ಹಲಗೆಗಳ ಮೇಲೆ ಘರ್ಷಣೆ ಸುಮಾರು ಶೇ. 8 ಕಡಿಮೆಯಾಗೋದನ್ನು ತೋರಿಸಿದರು. ಬರ್ಲಿನ್‌ನಲ್ಲಿ ಡೀಟ್ರಿಶ್ ಬೆಕೆರ್ಟ್ ಅವರ ತಂಡ 1990ರ ದಶಕದಲ್ಲಿ ಏಣಿನ ಎತ್ತರ, ಅಂತರ ಎಲ್ಲವನ್ನೂ ಹೊಂದಿಸಿ ಹೊಂದಿಸಿ ಶೇ. 9.9ರವರೆಗೆ ಮುಟ್ಟಿತು. 1987ರಲ್ಲಿ ಅಮೆರಿಕಾಸ್ ಕಪ್ ಗೆದ್ದ ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಹಾಯಿದೋಣಿಯ ತಳಕ್ಕೆ ಇಂಥ ಏಣಿನ ಫಿಲ್ಮ್ ಅಂಟಿಸಿದ್ದರು. 2022ರಿಂದ ಸ್ವಿಸ್ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನಗಳ ಮೇಲೆ ಏರೋಶಾರ್ಕ್ ಅನ್ನೋ ಫಿಲ್ಮ್ ಇದೆ. ಅದರ ಏಣುಗಳ ಗಾತ್ರ ಸುಮಾರು 50 ಮೈಕ್ರಾನ್.

ವಿಮಾನದಲ್ಲಿ ಉಳಿಯೋ ಇಂಧನ ಎಷ್ಟು? ಶೇ. 1ರ ಆಸುಪಾಸು. ಲ್ಯಾಬಿನ ಶೇ. 8 ಎಲ್ಲಿ, ಈ ಒಂದು ಎಲ್ಲಿ ಅಂತ ಕೇಳಬಹುದು. ವಿಮಾನವನ್ನು ಹಿಂದಕ್ಕೆಳೆಯುವ ಬಲದಲ್ಲಿ ಮೈ ಘರ್ಷಣೆ ಒಂದು ಪಾಲು ಮಾತ್ರ. ಇಡೀ ಮೈಗೆ ಫಿಲ್ಮ್ ಅಂಟಿಸೋಕೂ ಆಗಲ್ಲ. ಆದರೂ ಅಷ್ಟು ಇಂಧನ ಕುಡಿಯುವ ವಿಮಾನಕ್ಕೆ ಶೇ. 1 ಸಣ್ಣ ಮೊತ್ತವಲ್ಲ. ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ನನ್ನು ಎರಡು ಪಟ್ಟು ವೇಗ ಮಾಡಿದರೂ, ಒಟ್ಟು ಸಮಯದಲ್ಲಿ ಅದರ ಪಾಲು ಚಿಕ್ಕದಾಗಿದ್ದರೆ ಒಟ್ಟು ಲಾಭವೂ ಚಿಕ್ಕದು. ಅದೇ ಲೆಕ್ಕ.

ಇಲ್ಲಿಯವರೆಗಿನ ಎಲ್ಲ ಅಳತೆಯೂ ಗಟ್ಟಿಯಾದ, ಬಳುಕದ ಮೇಲ್ಮೈಗಳದ್ದು ಅನ್ನೋದನ್ನು ನೆನಪಿಡಿ. ಹಲಗೆ, ದೋಣಿ, ವಿಮಾನ. ಶಾರ್ಕ್ ಹಲಗೆಯಲ್ಲ.

ಉಜ್ಜಿ ತೆಗೆದು ನೋಡಿದವರು

ಈಗ ಈಜುಡುಗೆಗೆ ಬರೋಣ. 2012ರಲ್ಲಿ ಹಾರ್ವರ್ಡ್‌ನ ಯೋಹಾನೆಸ್ ಓಫ್ನರ್ ಮತ್ತು ಜಾರ್ಜ್ ಲಾಡರ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟವಾಯಿತು. ನಾವು ಮಶೀನ್ ಲರ್ನಿಂಗ್‌ನಲ್ಲಿ ಮಾಡೋ ಹಾಗೇ ಇದೆ. ಮಾಡೆಲ್‌ನ ಯಾವ ಭಾಗ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಆ ಒಂದು ಭಾಗ ತೆಗೆದುಬಿಡಿ, ಬಾಕಿ ಎಲ್ಲ ಹಾಗೇ ಇರಲಿ, ಫಲಿತಾಂಶ ಎಷ್ಟು ಕೆಡುತ್ತೆ ನೋಡಿ.

ಅವರು ನಿಜವಾದ ಶಾರ್ಕ್ ಚರ್ಮವನ್ನೇ ತಗೊಂಡರು. ಅದರಿಂದ ಬಳುಕುವ ಒಂದು ಪಟ್ಟಿ ಮಾಡಿ, ನೀರು ಹರಿಯುವ ತೊಟ್ಟಿಯಲ್ಲಿ ರೋಬಾಟ್‌ಗೆ ಕಟ್ಟಿ, ಮೀನಿನ ಬಾಲದ ಹಾಗೆ ಅತ್ತಿತ್ತ ಬಡಿಸಿದರು. ಪಟ್ಟಿ ತನ್ನ ಬಲದಲ್ಲೇ ಎಷ್ಟು ವೇಗವಾಗಿ ಈಜುತ್ತೆ ಅಂತ ಅಳೆದರು. ಆಮೇಲೆ ಅದೇ ಪಟ್ಟಿಯ ಹಲ್ಲುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದು ಮತ್ತೆ ಈಜಿಸಿದರು.

ಹಲ್ಲಿರುವ ಪಟ್ಟಿ, ಉಜ್ಜಿದ ಪಟ್ಟಿಗಿಂತ ಸರಾಸರಿ ಶೇ. 12ರಷ್ಟು ವೇಗವಾಗಿ ಈಜಿತು. ಅಲ್ಲಿಗೆ ಶಾರ್ಕಿನ ಹಲ್ಲು ಈಜಿಗೆ ಸಹಾಯ ಮಾಡುತ್ತೆ ಅನ್ನೋದಕ್ಕೆ ಅಳತೆ ಸಿಕ್ಕಿತು. ಆದರೆ ಚರ್ಮವನ್ನು ಬಳುಕದ ಗಡಸು ತಗಡಿಗೆ ಅಂಟಿಸಿ ಬಡಿಸಿದಾಗ ಆ ಲಾಭ ಕಾಣಲಿಲ್ಲ. ಬಳುಕಿದರೆ ಮಾತ್ರ ಕೆಲಸ.

ಕಾರಣವೂ ಸಿಕ್ಕಿತು. ಬಡಿಯುವ ಪಟ್ಟಿಯ ಮುಂಚೂಣಿಯ ಅಂಚಿನಲ್ಲಿ ಒಂದು ಸುಳಿ ಹುಟ್ಟುತ್ತೆ. ಹಲ್ಲಿರುವ ಚರ್ಮದಲ್ಲಿ ಆ ಸುಳಿ ಹೆಚ್ಚು ಬಿರುಸಾಗಿ, ಮೈಗೆ ಹೆಚ್ಚು ಹತ್ತಿರ ನಿಲ್ಲುತ್ತೆ. ಸುಳಿಯ ನಡುವೆ ಒತ್ತಡ ಕಡಿಮೆಯಾದ್ದರಿಂದ ಅದು ಪಟ್ಟಿಯನ್ನು ಮುಂದಕ್ಕೆ ಹೀರುತ್ತೆ. ಅಂದರೆ ಚರ್ಮ ಬರೀ ಎಳೆತ ಕಡಿಮೆ ಮಾಡುತ್ತಿಲ್ಲ, ತಳ್ಳುವ ಬಲವನ್ನೂ ಹೆಚ್ಚಿಸುತ್ತಿರಬಹುದು. ದೋಣಿಗೆ ತಳ ಬೇರೆ, ಹುಟ್ಟು ಬೇರೆ. ಶಾರ್ಕಿಗೆ ಎರಡೂ ಅದರ ಮೈಯೇ. ಹಲಗೆಯ ಪ್ರಯೋಗ ಎಷ್ಟೇ ನಿಖರವಾಗಿದ್ದರೂ ಈ ಅರ್ಧವನ್ನು ನೋಡೋಕೆ ಸಾಧ್ಯವೇ ಇರಲಿಲ್ಲ.

ಅದೇ ರೋಬಾಟಿಗೆ ಅವರು ಸ್ಪೀಡೊ ಕಂಪನಿಯ ಫಾಸ್ಟ್‌ಸ್ಕಿನ್ ಈಜುಡುಗೆಯ ಬಟ್ಟೆಯನ್ನೂ ಕಟ್ಟಿದರು. ಗೀರುಗಳಿರುವ ಮೇಲ್ಮೈ ಹೊರಗಿಟ್ಟು ಒಮ್ಮೆ, ಬಟ್ಟೆಯನ್ನು ಒಳಹೊರಗು ಮಾಡಿ ಇನ್ನೊಮ್ಮೆ. ಗೀರು ಹೊರಗಿದ್ದರೆ ವೇಗ ಹೆಚ್ಚು ಅಂತ ಹೇಳುವಂಥ ಸ್ಥಿರವಾದ ವ್ಯತ್ಯಾಸ ಸಿಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ಬಟ್ಟೆಯ ಮೇಲ್ಮೈ ಶಾರ್ಕ್ ಚರ್ಮದ ಹಾಗೆ ಕಾಣುತ್ತಲೂ ಇರಲಿಲ್ಲ.

ಹಾಗಾದರೆ ದಾಖಲೆಗಳು ಮುರಿದಿದ್ದು ಸುಳ್ಳಾ? ಸುಳ್ಳಲ್ಲ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆಗಳಾದವು. ಆದರೆ ಆ ಕಾಲದ ಉಡುಪುಗಳ ಬಲ ಇದ್ದದ್ದು ಪಾಲಿಯುರೆಥೇನ್‌ನಲ್ಲಿ. ದೇಹವನ್ನು ಬಿಗಿದು ನಯವಾದ ಆಕಾರ ಕೊಡೋದು, ನೀರಿನಲ್ಲಿ ಸ್ವಲ್ಪ ಮೇಲೆ ತೇಲಿಸೋದು. 2010ರಿಂದ ಅಂತಾರಾಷ್ಟ್ರೀಯ ಈಜು ಒಕ್ಕೂಟ ಅಂಥ ಉಡುಪುಗಳನ್ನು ನಿಷೇಧಿಸಿತು. ಉಡುಪು ಕೆಲಸ ಮಾಡಿದ್ದು ನಿಜ. ಶಾರ್ಕ್‌ಗೆ ಕೊಟ್ಟ ಕ್ರೆಡಿಟ್ ತಪ್ಪು. ನಾನು ಎಡವಿದ್ದು ಅಲ್ಲೇ.

ನಕಲು ಮಾಡಿದರೂ ಸುಲಭವಿಲ್ಲ

ಹಾಗಾದರೆ ಬಟ್ಟೆ ಬಿಟ್ಟು ಹಲ್ಲುಗಳನ್ನೇ ಅಚ್ಚುಕಟ್ಟಾಗಿ ನಕಲು ಮಾಡಿದರೆ? 2014ರಲ್ಲಿ ಲಾಡರ್ ಅವರ ಲ್ಯಾಬಿನಲ್ಲೇ ಲೀ ವೆನ್ ಮತ್ತು ಜೇಮ್ಸ್ ವೀವರ್ ಜತೆಗೂಡಿ ಅದನ್ನೂ ಮಾಡಿದರು. ಮ್ಯಾಕೊ ಚರ್ಮವನ್ನು ಮೈಕ್ರೊ ಸಿಟಿ ಸ್ಕ್ಯಾನ್ ಮಾಡಿ, ಒಂದು ಹಲ್ಲಿನ ಮಾದರಿ ತಯಾರಿಸಿ, ಬಳುಕುವ ಹಾಳೆಯ ಮೇಲೆ ಸಾವಿರಾರು ಗಟ್ಟಿ ಹಲ್ಲುಗಳನ್ನು ತ್ರೀಡಿ ಪ್ರಿಂಟ್ ಮಾಡಿದರು. ಪ್ರಿಂಟರಿಗೆ ಅಷ್ಟು ಚಿಕ್ಕದನ್ನು ಮಾಡೋಕೆ ಆಗದ್ದರಿಂದ ನಿಜವಾದ ಗಾತ್ರದ ಸುಮಾರು ಹತ್ತು ಪಟ್ಟು ದೊಡ್ಡದಾಗಿ ಮಾಡಿದರು.

ಬಡಿತ ಸರಿಹೊಂದಿದಾಗ ಈ ಕೃತಕ ಚರ್ಮ ನುಣುಪು ಹಾಳೆಗಿಂತ ಶೇ. 6.6 ವೇಗವಾಗಿ ಈಜಿತು, ಶಕ್ತಿಯೂ ಶೇ. 5.9 ಉಳಿಯಿತು. ಬಡಿಯದೆ ಸುಮ್ಮನೆ ಹರಿವಿನಲ್ಲಿ ಹಿಡಿದಾಗ, ನಿಧಾನ ಹರಿವಿನಲ್ಲಿ ಎಳೆತ ಶೇ. 8.7 ಕಡಿಮೆ. ಹರಿವು ಜೋರಾದಾಗ ಅದೇ ಚರ್ಮದ ಎಳೆತ ನುಣುಪು ಹಾಳೆಗಿಂತ ಸುಮಾರು ಶೇ. 15 ಹೆಚ್ಚು! ಸುಳಿಯ ಗಾತ್ರ, ಏಣಿನ ಅಂತರ, ವೇಗ ಅಂತ ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಲೆಕ್ಕಕ್ಕೆ ಬರುತ್ತೆ. "ಶಾರ್ಕ್ ಚರ್ಮ ಎಳೆತ ಕಡಿಮೆ ಮಾಡುತ್ತೆ" ಅಂತ ವೇಗ ಹೇಳದೆ ಹೇಳಿದರೆ ಅದು ಅರ್ಧ ವಾಕ್ಯ.

ಇನ್ನೂ ಒಂದು ಅಂಶ ಈ ಪ್ರಿಂಟ್‌ಗಳಲ್ಲಿ ಇಲ್ಲ. ಮ್ಯಾಕೊದ ಪಕ್ಕೆಯಲ್ಲಿ, ಕಿವಿರುಗಳ ಹಿಂದೆ, ಹಲ್ಲುಗಳ ಬುಡ ಸಡಿಲ. ಅವು ಸುಮಾರು 50 ಡಿಗ್ರಿವರೆಗೆ ಮೇಲೇಳಬಲ್ಲವು. ಅಲಬಾಮಾ ವಿಶ್ವವಿದ್ಯಾಲಯದ ಏಮಿ ಲ್ಯಾಂಗ್ ವರ್ಷಗಟ್ಟಲೆ ಇದನ್ನು ಅಭ್ಯಾಸ ಮಾಡಿದ್ದಾರೆ. ದೇಹದ ಅಗಲವಾದ ಭಾಗ ದಾಟಿದ ಮೇಲೆ ನೀರು ಮೈ ಬಿಟ್ಟು ದೂರ ಸರಿಯೋಕೆ ನೋಡುತ್ತೆ. ಹಾಗಾಗುವ ಮುನ್ನ ಮೈ ಹತ್ತಿರದ ನೀರು ಉಲ್ಟಾ ಹರಿಯಲು ಶುರುಮಾಡುತ್ತೆ. ಆ ಉಲ್ಟಾ ಹರಿವೇ ಹಲ್ಲುಗಳನ್ನು ಎಬ್ಬಿಸುತ್ತೆ, ಎದ್ದ ಹಲ್ಲುಗಳು ಅದನ್ನೇ ತಡೆಯುತ್ತವೆ. ಸ್ನಾಯು ಬೇಡ, ಮಿದುಳಿನ ಆಜ್ಞೆ ಬೇಡ. ಸಮಸ್ಯೆ ಬಂದಾಗ ಸಮಸ್ಯೆಯೇ ಸ್ವಿಚ್ ಒತ್ತುತ್ತೆ.

ಶಾರ್ಕ್ ಅಲ್ಲದ ಮೀನು, ಮತ್ತು ಕೊಲಾಬಾದ ಒಂದು ಲ್ಯಾಬ್

ನಾವು ದಿನಾ ನೋಡುವ ರೋಹು, ಬಂಗುಡೆಯಂಥ ಮೂಳೆಮೀನುಗಳ ಮೈ ಬೇರೆಯದೇ ಏರ್ಪಾಟು. ಶಾರ್ಕಿನ ಹಲ್ಲು ಚರ್ಮ ಸೀಳಿಕೊಂಡು ಹೊರಗೆ ನಿಂತಿರುತ್ತೆ. ಇವುಗಳ ಹುರುಪೆಯ ಮೇಲೆ ಜೀವಂತ ಕೋಶಗಳ ತೆಳು ಹೊದಿಕೆ ಇದೆ, ಅದರ ಮೇಲೆ ಲೋಳೆ. ಜೀವಂತ ಮೀನನ್ನು ಮುಟ್ಟಿದಾಗ ನಮ್ಮ ಬೆರಳಿಗೆ ಮೊದಲು ಸಿಗೋದು ಹುರುಪೆಯಲ್ಲ, ಈ ಲೋಳೆ.

ಆ ಹೊರಗಿನ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕೋಶದ ಮೇಲೂ ಬೆರಳಚ್ಚಿನಂಥ ಸುರುಳಿ ಸುರುಳಿ ಏಣುಗಳು. ಅಗಲ ಒಂದು ಮೈಕ್ರಾನ್‌ಗಿಂತ ಕಡಿಮೆ. ಶಾರ್ಕಿನ ಏಣಿಗೆ ಹೋಲಿಸಿದರೆ ಇವು ತೀರಾ ಪುಟಾಣಿ. ನಮ್ಮ ಕಣ್ಣಿನ ಕಾರ್ನಿಯಾದ ಮೇಲೂ, ಬಾಯಿಯ ಒಳಪದರದಲ್ಲೂ ಇಂಥವಿವೆ. ಇವು ಯಾಕಿವೆ? ಲೋಳೆ ಹಿಡಿದಿಡೋಕೆ ಅಂತ ಬಹಳ ಕಾಲದಿಂದ ಊಹೆ ಇತ್ತು.

ಊಹೆಯನ್ನು ಪರೀಕ್ಷಿಸಿದ್ದು ಮುಂಬೈಯಲ್ಲೇ. ಕೊಲಾಬಾದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಮಹೇಂದ್ರ ಸೋನವಣೆ ಅವರ ತಂಡ ಜೀಬ್ರಾಫಿಶ್ ಮೇಲೆ ಕೆಲಸ ಮಾಡುತ್ತೆ. ನಮ್ಮ ಉಪಖಂಡದ ಹೊಳೆ-ಗದ್ದೆಗಳದ್ದೇ ಆದ ಪುಟ್ಟ ಪಟ್ಟೆ ಮೀನು ಅದು. ಈ ಏಣುಗಳು ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳ ಜಾಲದಿಂದ ಆಗಿವೆ ಅಂತ 2019ರಲ್ಲಿ ಅವರು ತೋರಿಸಿದರು. ಆ ಜಾಲ ಕಟ್ಟಿಕೊಳ್ಳದಂತೆ ರಾಸಾಯನಿಕದಿಂದ ತಡೆದಾಗ ಏಣುಗಳು ಕೆಟ್ಟವು, ಜತೆಗೆ ಮೇಲಿನ ಸಕ್ಕರೆ ಅಣುಗಳ ಪದರದ ಜೋಡಣೆಯೂ ಕೆಟ್ಟಿತು. ಹಾರ್ವರ್ಡ್‌ನಲ್ಲಿ ಸ್ಯಾಂಡ್‌ಪೇಪರ್, ಕೊಲಾಬಾದಲ್ಲಿ ರಾಸಾಯನಿಕ. ಉಪಾಯ ಒಂದೇ: ತೆಗೆದು ನೋಡು.

ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ ಇದರಲ್ಲಿ ಒಂದು ಉಪಯೋಗವೂ ಇದೆ. ಮೀನನ್ನು ಒಣಗೈಯಲ್ಲಿ ಹಿಡಿಯಬೇಡಿ, ಒಣ ಬಟ್ಟೆಯಲ್ಲಿ ಸುತ್ತಬೇಡಿ. ಲೋಳೆ ಕಿತ್ತು ಬಂದರೆ ಸೋಂಕಿಗೆ ಬಾಗಿಲು ತೆರೆದಂತೆ. ಹಿಡಿಯಲೇಬೇಕಾದರೆ ಕೈ ಒದ್ದೆ ಮಾಡಿಕೊಳ್ಳಿ.

"ಬ್ಯಾಕ್ಟೀರಿಯಾ ಕೊಲ್ಲುವ ಶಾರ್ಕ್ ಚರ್ಮ"

ಕೊನೆಗೆ, ವಾಟ್ಸ್ಆ್ಯಪ್‌ನಲ್ಲಿ ಬರುವ ಇನ್ನೊಂದು ಮಾತು: ಶಾರ್ಕ್ ಚರ್ಮದ ವಿನ್ಯಾಸ ಬ್ಯಾಕ್ಟೀರಿಯಾ ಕೊಲ್ಲುತ್ತಂತೆ, ಆಸ್ಪತ್ರೆಗಳಲ್ಲಿ ಬಳಸುತ್ತಾರಂತೆ. ಇದರ ಮೂಲ ಫ್ಲಾರಿಡಾ ವಿಶ್ವವಿದ್ಯಾಲಯದ ಆ್ಯಂಥನಿ ಬ್ರೆನನ್ ಅವರ ಶಾರ್ಕ್‌ಲೆಟ್. ಹಡಗಿನ ತಳಕ್ಕೆ ಪಾಚಿ ಕಟ್ಟದಂತೆ ಮಾಡೋದು ಹೇಗೆ ಅಂತ ಅವರು ಹುಡುಕುತ್ತಿದ್ದರು. ಶಾರ್ಕ್ ಹಲ್ಲಿನ ವಜ್ರಾಕಾರದ ಜೋಡಣೆಯಿಂದ ಸ್ಫೂರ್ತಿ ಪಡೆದು, 2 ಮೈಕ್ರಾನ್ ಅಗಲದ ಏಣುಗಳ ವಿನ್ಯಾಸ ಮಾಡಿದರು. ನುಣುಪು ಮೇಲ್ಮೈಗೆ ಹೋಲಿಸಿದರೆ ಅದರ ಮೇಲೆ ಪಾಚಿಯ ಬೀಜಾಣುಗಳು ಸುಮಾರು ಶೇ. 85 ಕಡಿಮೆ ಕೂತವು. ಇದೂ ಅಳತೆಯೇ. ಆದರೆ ಆ ಏಣುಗಳು ಶಾರ್ಕಿನ ಏಣಿಗಿಂತ ಎಷ್ಟೋ ಚಿಕ್ಕವು, ಅಂದರೆ ಇದು ನಕಲಲ್ಲ, ಸ್ಫೂರ್ತಿ. ಅದು ಏನನ್ನೂ ಕೊಲ್ಲೋದಿಲ್ಲ. ಕೂರೋಕೆ ಅನುಕೂಲವಾದ ಜಾಗ ಕೊಡಲ್ಲ, ಅಷ್ಟೇ. ಕೊಲ್ಲುತ್ತೆ ಅಂತ ನಂಬಿ ಯಾರಾದರೂ ಒರೆಸೋದು, ಕೈ ತೊಳೆಯೋದು ಬಿಟ್ಟರೆ ಆ ಒಂದು ಪದದ ತಪ್ಪಿಗೆ ಬೆಲೆ ತೆರಬೇಕಾಗುತ್ತೆ.

ಈಗ ಚೆನ್ನೈಯ ಪ್ರಶ್ನೆಗೆ ನನ್ನ ಉತ್ತರ. ಅಳೆದವರು ಓಫ್ನರ್ ಮತ್ತು ಲಾಡರ್. ಈಜುಡುಗೆಯ ಬಗ್ಗೆ ನಾನು ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಶಾರ್ಕಿನ ಬಗ್ಗೆ ಹೇಳಿದ್ದನ್ನು ಹೀಗೆ ತಿದ್ದುತ್ತೇನೆ: ಅದರ ಹಲ್ಲುಗಳು ಈಜಿಗೆ ನೆರವಾಗುತ್ತವೆ, ಆದರೆ ಮೈ ಬಳುಕುವಾಗ, ಸರಿಯಾದ ವೇಗದಲ್ಲಿ, ಮೈಯ ಸರಿಯಾದ ಜಾಗದಲ್ಲಿ. ವಾಕ್ಯ ಉದ್ದವಾಯಿತು, ಫಾರ್ವರ್ಡ್ ಮಾಡೋಕೆ ಅಷ್ಟು ಸಲೀಸಲ್ಲ. ಇರಲಿ ಬಿಡಿ.

ಒಂದು ಮೇಲ್ಮೈ ಏನು ಮಾಡುತ್ತೆ ಅನ್ನೋದು ಅದರ ಫೋಟೊ ನೋಡಿದರೆ ಗೊತ್ತಾಗಲ್ಲ. ನಾನು ಫೋಟೊ ನೋಡಿ ಕಥೆ ಹೇಳಿದ್ದೆ. ಮುಂದೆಯೂ ನಾನು ಹೀಗೆ ಏನಾದರೂ ಅಂದುಬಿಟ್ಟರೆ ದಯವಿಟ್ಟು ಅದೇ ಎರಡು ಪದ ಕೇಳಿ.